ನಾನು ಅಳಿಸಿದ ಹನ್ನೊಂದು ಮಂದಿ

ಭಾನುವಾರ, ನವೆಂಬರ್ 2, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಅಡುಗೆಮನೆಯ ಒಲೆಯ ಮೇಲಿನ ಗಡಿಯಾರ ಮಾತ್ರ ಒಂಬತ್ತು ಹತ್ತು ಎನ್ನುತ್ತಿದೆ. ಇವತ್ತು ಇಲ್ಲಿ ಅಮೆರಿಕದಲ್ಲಿ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನ. ಒಲೆಯದನ್ನು ತಿರುಗಿಸುವುದು ಹೇಗೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲವಾದ್ದರಿಂದ ಅದು ಮಾರ್ಚ್ ತಿಂಗಳವರೆಗೆ ಹೀಗೇ ಇರುತ್ತದೆ. ಮಾರ್ಚ್‌ನಲ್ಲಿ ಕಸಿದುಕೊಂಡ ಗಂಟೆಯನ್ನು ಈ ದೇಶದವರು ನವೆಂಬರ್‌ನಲ್ಲಿ ವಾಪಸು ಕೊಡುತ್ತಾರೆ. ಹಾಗೆ ಬಿಟ್ಟಿಯಾಗಿ ಸಿಕ್ಕ ಗಂಟೆಯಲ್ಲಿ ಇದನ್ನು ಬರೆದು ಮುಗಿಸೋಣವೆಂದು ಕೂತಿದ್ದೇನೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ವರ್ಷ ನಾನು ಹನ್ನೊಂದು ಜನರನ್ನು ಅಳಿಸಿಹಾಕಿದೆ. ಅವರಲ್ಲಿ ಯಾರೂ ಬದುಕಿರಲಿಲ್ಲ ಎನ್ನುವುದು ನಿಜ. ಆದರೆ ಸತ್ತವರನ್ನು ಅಳಿಸುವುದು ಸಣ್ಣ ತಪ್ಪು ಎಂದು ನಿಮಗನ್ನಿಸಿದರೆ ಸ್ವಲ್ಪ ಕೂತು ಕೇಳಿ.

ನನಗೆ ಲೆಕ್ಕದ ಚಟವಿದೆ. ಹನ್ನೆರಡನೆಯ ವಯಸ್ಸಿನಲ್ಲಿ ದಾವಣಗೆರೆಯಿಂದ ಅಪ್ಪ ಅಮ್ಮನ ಜೊತೆ ಚಿಕಾಗೊ ಪಕ್ಕದ ಈ ಡೌನರ್ಸ್ ಗ್ರೋವಿಗೆ ಬಂದ ವಾರವೇ ಡೈರಿ ಶುರು ಮಾಡಿದೆ. ಶಾಲೆಯ ಹುಡುಗಿಯರ ಕೈಗೆ ಸಿಕ್ಕರೂ ಅರ್ಥವಾಗದಿರಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೆ. ಅದನ್ನು ಓದುವ ಆಸೆ ಅವರಲ್ಲಿ ಒಬ್ಬಳಿಗೂ ಇರಲಿಲ್ಲವೆಂಬುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ನನಗೆ ಕನ್ನಡ ಉಳಿದುಕೊಂಡಿತ್ತು. ಚಳಿಗಾಲದಲ್ಲಿ ಎಷ್ಟು ಸಲ ಹಿಮ ಎತ್ತಿಹಾಕಿದೆ, ರೈಲು ಎಷ್ಟು ನಿಮಿಷ ತಡ, ಅಮ್ಮ ಅದೇ ಮದುವೆಯ ಕಥೆಯನ್ನು ಎಷ್ಟನೆಯ ಸಲ ಹೇಳಿದಳು, ಎಲ್ಲವೂ ಅದರಲ್ಲಿವೆ. ಸಿಕ್ಕಿದ ಕೆಲಸವೂ ಅಂಥದ್ದೇ. ಎಲ್ಕ್ ಗ್ರೋವ್ ವಿಲೇಜಿನ ಒಂದು ಗೋದಾಮಿನ ಆಫೀಸಿನಲ್ಲಿ ಕೂತು ಸರಕಿನ ಪಟ್ಟಿ ನೋಡುತ್ತೇನೆ. ಒಂದೇ ಸಾಮಾನು ಎರಡು ಸಲ ನಮೂದಾಗಿದ್ದರೆ ಒಂದನ್ನು ತೆಗೆದುಹಾಕಬೇಕು. ಐದು ವರ್ಷದಿಂದ ಇದನ್ನೇ ಮಾಡಿ ಮಾಡಿ ಕೈ ಎಷ್ಟು ಪಳಗಿದೆಯೆಂದರೆ, ಮದುವೆಮನೆಯಲ್ಲಿ ಅವಳಿ ಮಕ್ಕಳನ್ನು ಕಂಡರೂ ಕಣ್ಣು ಒಂದು ಕ್ಷಣ ತಡೆಯುತ್ತದೆ.

ರೂತ್ ಥ್ಯಾಚ್‌ವೆಲ್ ನಮ್ಮ ಪಕ್ಕದ ಮನೆಯವರು. ಎಂಬತ್ತನಾಲ್ಕು ವರ್ಷ, ನಿವೃತ್ತ ಶಾಲಾ ಶಿಕ್ಷಕಿ, ಮದುವೆಯಾದವರಲ್ಲ, ಒಬ್ಬರೇ ಇದ್ದರು. ನಾನು ಅವರನ್ನು ರೂತ್ ಆಂಟಿ ಎನ್ನುತ್ತಿದ್ದೆ. ‘ನನಗೆ ಅಣ್ಣ ಇಲ್ಲ, ತಮ್ಮ ಇಲ್ಲ, ಆಂಟಿ ಹೆಂಗಾದೆ?’ ಎಂದು ನಗುತ್ತಿದ್ದರು. ಅವರು ನನ್ನನ್ನು ಕರೆಯುತ್ತಿದ್ದುದು ಕ್ಲರ್ಕ್ ಎಂದು. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ಡೈರಿಯಲ್ಲಿ ಬರೆದುಕೊಂಡದ್ದು ಕನ್ನಡದಲ್ಲಿ. ಹಾಗಾಗಿ ನನ್ನ ನೆನಪಿನಲ್ಲಿ ಆ ಬಿಳಿಗೂದಲಿನ ಅಮೆರಿಕನ್ ಹೆಂಗಸು ದಾವಣಗೆರೆ ಕಡೆಯ ಕನ್ನಡವನ್ನೇ ಮಾತಾಡುತ್ತಾರೆ.

ಮಾರ್ಚ್ 9, ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಬಾ ಎಂದು ಕರೆದಿದ್ದರು. ಅವತ್ತು ಗಡಿಯಾರ ಮುಂದಕ್ಕೆ ತಿರುಗಿಸುವ ದಿನ. ದಿನಾಂಕ ಸಮಯಗಳ ವಿಷಯದಲ್ಲಿ ಇಷ್ಟು ಜಂಬದ ನಾನು ಚಳಿಗಾಲದ ರೂಢಿಯಂತೆ ಒಲೆಯ ಗಡಿಯಾರದಲ್ಲಿ ಒಂದು ಗಂಟೆ ಕಳೆದು ಓದಿ, ಒಂದು ಗಂಟೆ ತಡವಾಗಿ ಹೋದೆ. ಊಟದ ಮೇಜಿನ ಮೇಲೆ ಒಂಬತ್ತು ಶೂ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದರು.

‘ಇದು ನಮ್ಮಪ್ಪನ ಜೀವಮಾನದ ಕೆಲಸ. ನಮ್ಮ ವಂಶ. ಹಡಗು ಹತ್ತಿ ಬಂದೋರಿಂದ ಹಿಡಿದು ನನ್ನ ತನಕ. ಇದನ್ನ ಒಂದು ಪುಸ್ತಕ ಮಾಡಿ ಮಿಷಿಗನ್‌ನಲ್ಲಿ ನಮ್ಮ ಹಳೇ ಊರಿನ ಲೈಬ್ರರಿಗೆ ಕೊಡಬೇಕು. ಡಾಕ್ಟರು ನನ್ನ ಹಾರ್ಟು ಹಳೇ ಕಾರಿನ ಎಂಜಿನ್ ಥರ ಇದೆ ಅಂದಿದಾರೆ. ನನ್ನ ನಂತರ ಈ ಡಬ್ಬಿ ಎಲ್ಲ ಕಸಕ್ಕೆ.’

‘ಎಷ್ಟು ಜನ ಇದಾರೆ ಆಂಟಿ?’

‘ಅಪ್ಪ ನಾನೂರ ಹನ್ನೆರಡು ಅಂತಿದ್ದ. ನೀನು ಎಣಿಸು. ಆದರೆ ಕ್ಲರ್ಕ್, ಒಂದು ಮಾತು. ಯಾರನ್ನೂ ಬಿಡಬೇಡ.’

ಯಾರನ್ನೂ ಬಿಡಬೇಡ. ಇದನ್ನು ಅವತ್ತೇ ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಗೆರೆ ಎಳೆಯುವುದಕ್ಕೂ ಅರ್ಥ ಮಾಡಿಕೊಳ್ಳುವುದಕ್ಕೂ ಇರುವ ದೂರ ಆಗ ನನಗೆ ತಿಳಿದಿರಲಿಲ್ಲ.

ವಂಶವೃಕ್ಷವೆಂದರೆ ನನಗಿದ್ದ ಕಲ್ಪನೆ ತೀರ ಚಿಕ್ಕದು. ಪಿತೃಪಕ್ಷದಲ್ಲಿ ನಮ್ಮಪ್ಪ ಮೂರು ತಲೆಮಾರಿನ ಹೆಸರು ಹೇಳಿ ಎಡೆ ಇಡುತ್ತಾನೆ. ಮೂರನೆಯದಕ್ಕೆ ಬಂದಾಗ ಸ್ವಲ್ಪ ಕೆಮ್ಮುತ್ತಾನೆ, ಅಲ್ಲಿ ಹೆಸರು ಸರಿಯಾಗಿ ಕೇಳಿಸುವುದಿಲ್ಲ. ಅಲ್ಲಿಂದ ಹಿಂದಕ್ಕೆ ನೇರವಾಗಿ ಗೋತ್ರದ ಋಷಿ. ನಡುವೆ ಬದುಕಿ ಸತ್ತವರೆಲ್ಲ ಎಲ್ಲಿ ಹೋದರು ಎಂದು ನಾವು ಕೇಳುವುದಿಲ್ಲ. ರೂತ್ ಅವರ ಅಪ್ಪನಾದರೋ ಹನ್ನೆರಡು ತಲೆಮಾರಿನಲ್ಲಿ ಒಬ್ಬರನ್ನೂ ಹಾರಿಸಿರಲಿಲ್ಲ. ಇಂಗ್ಲೆಂಡಿನ ಒಬ್ಬ ನೇಕಾರ ಹೆಂಡತಿ ಮಕ್ಕಳೊಂದಿಗೆ ಮ್ಯಾಸಚೂಸೆಟ್ಸ್ ತೀರದಲ್ಲಿ ಇಳಿದದ್ದು, ಅವನ ಮೊಮ್ಮಕ್ಕಳು ಕನೆಕ್ಟಿಕಟ್‌ಗೆ ಸರಿದದ್ದು, ಅವರ ಮೊಮ್ಮಕ್ಕಳು ನ್ಯೂಯಾರ್ಕಿನ ಪಶ್ಚಿಮಕ್ಕೆ, ಅಲ್ಲಿಂದ ಕಾಲುವೆಯ ದೋಣಿಯಲ್ಲಿ, ಸರೋವರದ ಹಡಗಿನಲ್ಲಿ ಮಿಷಿಗನ್‌ಗೆ, ಕೊನೆಗೆ ಡೆಟ್ರಾಯಿಟ್ ಪಕ್ಕದ ಕಾರ್ಖಾನೆಯ ಊರಿಗೆ. ಚರ್ಚಿನ ದೀಕ್ಷಾಸ್ನಾನದ ಪಟ್ಟಿ, ಉಯಿಲು, ಬೈಬಲಿನ ಮೊದಲ ಹಾಳೆಯಲ್ಲಿ ಬರೆದಿಟ್ಟ ಹುಟ್ಟು ಸಾವು, ಗೋರಿಕಲ್ಲಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಕ್ಷರ, ಎಲ್ಲ ಇತ್ತು. ಹೆಣ್ಣುಮಕ್ಕಳಿಗೆ ಕರುಣೆ, ತಾಳ್ಮೆ, ಮೌನ ಎಂಬ ಅರ್ಥದ ಹೆಸರುಗಳು. ಒಂದು ಉಯಿಲಿನಲ್ಲಿ ಒಬ್ಬ ಅಪ್ಪ ಮಗಳು ಮರ್ಸಿಗೆ ಬಿಟ್ಟುಹೋದದ್ದು ಒಂದು ಹಾಸಿಗೆ, ಒಂದು ಕಬ್ಬಿಣದ ಪಾತ್ರೆ ಮತ್ತು ‘ಕೆಂಪು ಹಸುವಿನ ಅರ್ಧ’. ಯಾವ ಅರ್ಧ ಎಂದು ಬರೆದಿಲ್ಲ. ನಾನು ಮತ್ತು ರೂತ್ ಅದರ ಬಗ್ಗೆ ಎರಡು ಭಾನುವಾರ ಚರ್ಚಿಸಿದೆವು.

ನನ್ನಂಥವಳಿಗೆ ತಲೆ ಕೆಡಿಸಿದ್ದು ತಾರೀಖುಗಳು. ಒಬ್ಬ ಹುಡುಗ ಡಿಸೆಂಬರಿನಲ್ಲಿ ಹುಟ್ಟಿ ಅದೇ ವರ್ಷದ ಫೆಬ್ರವರಿಯಲ್ಲಿ ಸತ್ತಿದ್ದ. ಹುಟ್ಟುವ ಮೊದಲೇ ಸಾಯುವುದು ಹೇಗೆ? ಆಮೇಲೆ ಗೊತ್ತಾಯಿತು, 1752ಕ್ಕೆ ಮೊದಲು ಇಂಗ್ಲಿಷರ ಹೊಸ ವರ್ಷ ಶುರುವಾಗುತ್ತಿದ್ದುದೇ ಮಾರ್ಚ್ 25ಕ್ಕೆ. ಫೆಬ್ರವರಿ ವರ್ಷದ ಕೊನೆಯ ಭಾಗ. ಯುಗಾದಿಗೆ ಬೇವುಬೆಲ್ಲ ತಿನ್ನುವ ನಮಗೆ ಇದೇನು ವಿಚಿತ್ರವಲ್ಲ. ಇದನ್ನು ಕೇಳಿ ಅಮ್ಮನಿಗೆ ಬಹಳ ಸಮಾಧಾನವಾಯಿತು. ‘ನೋಡು, ಮೊದ್ಲು ಅವ್ರೂ ಸರಿಯಾಗೇ ಇದ್ರು’ ಎಂದಳು.

ಇಷ್ಟು ಕಲಿತವಳು ಇನ್ನೊಂದನ್ನು ಕಲಿಯದೇ ಹೋದೆ. ಪಟ್ಟಿಯಲ್ಲಿ ಅಲ್ಲಲ್ಲಿ ಒಂದೇ ಅಪ್ಪ ಅಮ್ಮನ ಮಕ್ಕಳಲ್ಲಿ ಒಂದೇ ಹೆಸರು ಎರಡು ಸಲ ಬರುತ್ತಿತ್ತು. ಮರ್ಸಿ, ಮತ್ತೆ ಮರ್ಸಿ. ಒಂದು ಮನೆಯಲ್ಲಂತೂ ಮೂರು ಜಾನ್. ನನಗೆ ಅನುಮಾನವೇ ಬರಲಿಲ್ಲ. ಮೂರು ಮಕ್ಕಳಿಗೆ ಒಂದೇ ಹೆಸರಿಟ್ಟರೆ ಊಟಕ್ಕೆ ಕರೆಯುವುದು ಹೇಗೆ? ಪಾಪ ಮುದುಕ, ಬೇರೆ ಬೇರೆ ದಾಖಲೆಗಳಲ್ಲಿ ಬೇರೆ ಬೇರೆ ತಾರೀಖು ಕಂಡು ಎರಡೆರಡು ಸಲ ಬರೆದುಕೊಂಡಿದ್ದಾನೆ ಎಂದುಕೊಂಡೆ. ಮೇ 17ರ ಡೈರಿಯಲ್ಲಿ ಹೀಗಿದೆ: ‘ಪುನರಾವರ್ತನೆ ತೆಗೆದೆ. 412ರಲ್ಲಿ 11 ಕಳೆದು 401. ಈಗ ಪಟ್ಟಿ ಶುದ್ಧ.’ ಈಗ ಡೈರಿಯಲ್ಲಿ ಆ ಪುಟ ಬಂದರೆ ಬೇಗ ಮಗುಚಿಬಿಡುತ್ತೇನೆ.

ಜೂನ್ 14, ಶನಿವಾರ, ಮಧ್ಯಾಹ್ನ ಮೂರೂಕಾಲು. ಅಚ್ಚು ಹಾಕಿಸಿ ನೀಲಿ ರಟ್ಟು ಕಟ್ಟಿಸಿದ ಪುಸ್ತಕವನ್ನು, ಮೇಲೊಂದು ಡಬ್ಬಿ ಅಮ್ಮನ ಚಿತ್ರಾನ್ನ ಇಟ್ಟುಕೊಂಡು, ರೂತ್ ಅವರ ಮನೆಗೆ ಹೊತ್ತುಕೊಂಡು ಹೋದೆ. ಚಿತ್ರಾನ್ನವನ್ನು ಪಕ್ಕಕ್ಕಿಟ್ಟರು. ಅದೇ ಆಶ್ಚರ್ಯ, ಯಾಕೆಂದರೆ ಅವರಿಗೆ ಆ ‘ಹಳದಿ ಅನ್ನ’ ಎಂದರೆ ಪ್ರಾಣ. ಪುಸ್ತಕದ ಮೊದಲ ಹಾಳೆಯನ್ನು ನೋಡದೆ ನೇರ ಕೊನೆಯ ಹಾಳೆ ತೆಗೆದರು. ಅಲ್ಲಿ ಅವರ ಅಪ್ಪ ಅಮ್ಮನ ಹೆಸರು, ಕೆಳಗೆ ಒಂದೇ ಸಾಲು: ರೂತ್. ಅದರ ಮೇಲೆ ಬೆರಳಿಟ್ಟರು. ಆಮೇಲೆ ಬೆರಳನ್ನು ಆ ಸಾಲಿನ ಮೇಲಿನ ಖಾಲಿ ಜಾಗಕ್ಕೆ ಸರಿಸಿದರು.

‘ಇಲ್ಲಿ ಒಬ್ಬಳೇ ಇದಾಳೆ.’

‘ಹೌದು ಆಂಟಿ. ನಿಮ್ಮಪ್ಪ ಮೊದಲು ತಪ್ಪು ವರ್ಷ ಬರೆದು, ಆಮೇಲೆ ಕೆಳಗೆ ಸರಿಯಾಗಿ ಬರೆದಿದ್ರು. ಮೇಲಿನದನ್ನ ತೆಗೆದೆ.’

ಅವರು ಎದ್ದು ಹೋಗಿ ಒಂದು ಪುಟ್ಟ ಬೆಳ್ಳಿಯ ಬಟ್ಟಲು ತಂದು ನನ್ನ ಕೈಗಿಟ್ಟರು. ಅದರ ಮೇಲೆ ರೂತ್ ಎಂದು ಕೆತ್ತಿತ್ತು. ಕೆಳಗೆ ಹುಟ್ಟಿದ ದಿನ. ಆ ದಿನ ರೂತ್ ಅವರದಲ್ಲ. ನಾನು ತೆಗೆದುಹಾಕಿದ ಸಾಲಿನದು.

‘ನಾನು ಇದರಲ್ಲೇ ಹಾಲು ಕುಡಿದು ಬೆಳೆದೆ. ತಾರೀಖು ಯಾಕೆ ತಪ್ಪಿದೆ ಅಂದ್ರೆ ಅಂಗಡಿಯೋನು ತಪ್ಪು ಮಾಡಿದ ಅಂತಿದ್ಲು ಅಮ್ಮ. ಒಂಬತ್ತು ವರ್ಷ ಆದಾಗ ಅಪ್ಪ ಒಂದು ದಿನ ಒಬ್ಬಳನ್ನೇ ಕರಕೊಂಡು ಹೋಗಿ ಒಂದು ಕಲ್ಲಿನ ಮುಂದೆ ನಿಲ್ಲಿಸಿದ. ಪುಟ್ಟ ಕಲ್ಲು, ಮೇಲೆ ಮಲಗಿದ ಕುರಿಮರಿ. ಕೆಳಗೆ ನನ್ನ ಹೆಸರು. ನಾನು ಸತ್ತಿದೀನಾ ಅಂತ ಕೇಳಿದೆ.’

ಮೊದಲ ರೂತ್ ತೀರಿಕೊಂಡಾಗ ಎರಡು ವರ್ಷ ಏಳು ತಿಂಗಳು. ಜ್ವರ. ಮುಂದಿನ ವರ್ಷ ಹುಟ್ಟಿದ ಮಗುವಿಗೆ ಅದೇ ಹೆಸರಿಟ್ಟರು. ಈ ವಂಶದಲ್ಲಿ, ಮತ್ತು ಆ ಕಾಲದ ಇಂಗ್ಲಿಷ್ ಮೂಲದ ಬಹಳಷ್ಟು ಮನೆಗಳಲ್ಲಿ, ಮೊದಲಿನಿಂದಲೂ ಹಾಗೇ. ಮರ್ಸಿ ಸತ್ತರೆ ಮುಂದಿನವಳು ಮರ್ಸಿ. ಜಾನ್ ಸತ್ತರೆ ಜಾನ್, ಅವನೂ ಹೋದರೆ ಇನ್ನೊಬ್ಬ ಜಾನ್. ಬೇರೆಯವರೆಲ್ಲ ಎಂದೋ ಬಿಟ್ಟ ಪದ್ಧತಿಯನ್ನು ರೂತ್ ಅವರ ಅಪ್ಪ ಈ ಡಬ್ಬಿಗಳಿಂದ ಎತ್ತಿಕೊಂಡಿದ್ದ. ನಾನು ತೆಗೆದುಹಾಕಿದ ಹನ್ನೊಂದೂ ಮಕ್ಕಳು. ಯಾರಿಗೂ ಐದು ತುಂಬಿರಲಿಲ್ಲ. ಅವರು ಇದ್ದರು ಎನ್ನುವುದಕ್ಕೆ ಜಗತ್ತಿನಲ್ಲಿ ಉಳಿದಿದ್ದುದು ಒಂದೊಂದು ಸಾಲು. ಅದನ್ನು ನಾನು ಶುದ್ಧ ಮಾಡಿದ್ದೆ.

‘ಕ್ಷಮಿಸಿ ಆಂಟಿ. ಅವಳ ಸಾಲಿನಲ್ಲಿ ಸಾವಿನ ದಿನ ಖಾಲಿ ಇತ್ತು. ಅದಕ್ಕೇ ನಾನು...’

‘ಗೊತ್ತು. ನಮ್ಮಪ್ಪ ಇಷ್ಟೂ ಜನರ ಸಾವಿನ ದಿನ ಹುಡುಕಿ ಹುಡುಕಿ ಬರೆದ. ಅವಳೊಬ್ಬಳದ್ದು ಮಾತ್ರ ಬರೆಯೋಕ್ಕಾಗಲಿಲ್ಲ ಅವನ ಕೈಲಿ.’

ಆಮೇಲೆ ಚಿತ್ರಾನ್ನದ ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಹೇಳಿದರು: ‘ಅದನ್ನ ನೀನು ಬರಿ, ಕ್ಲರ್ಕ್. ಆ ಕಲ್ಲು ಹುಡುಕು. ನನಗೆ ಸ್ಮಶಾನದ ಹೆಸರು ಗೊತ್ತಿಲ್ಲ. ಒಂದು ದೊಡ್ಡ ಓಕ್ ಮರ ಇತ್ತು, ಬೇಲಿ ಆಚೆ ರೈಲು ಹೋಗ್ತಿತ್ತು. ಡೆಟ್ರಾಯಿಟ್ ಪಶ್ಚಿಮಕ್ಕೆ ಎಲ್ಲೋ. ನಾನಿರೋವಾಗಲೇ ಅವಳ ಸಾಲು ಪೂರ್ತಿ ಆಗಬೇಕು. ಅವಳ ಹೆಸರು ಎಂಬತ್ತನಾಲ್ಕು ವರ್ಷ ನಾನು ಉಪಯೋಗಿಸಿದೀನಿ.’

ನಾಲ್ಕೇ ದಿನದಲ್ಲಿ ಹನ್ನೊಂದು ಮಂದಿಯನ್ನು ಮತ್ತೆ ಸೇರಿಸಿದೆ. ಹೊಸ ಪುಸ್ತಕ, ನಾನೂರ ಹನ್ನೆರಡು. ಮೊದಲ ರೂತ್‌ಳ ಸಾಲಿನಲ್ಲಿ ಒಂದು ಕಲಂ ಮಾತ್ರ ಖಾಲಿ. ಸರ್ಕಾರಿ ದಾಖಲೆಗೆ ಎರಡು ಕೌಂಟಿಗಳಿಗೆ, ಅಂದರೆ ನಮ್ಮ ಜಿಲ್ಲೆಯಂಥವಕ್ಕೆ, ಬರೆದೆ. ಆ ಹೆಸರಿನಲ್ಲಿ ಏನೂ ಇಲ್ಲವೆಂದು ಎರಡೂ ಕಡೆಯಿಂದ ಉತ್ತರ ಬಂತು. ಮಗು ಯಾವ ಊರಿನಲ್ಲಿ ತೀರಿಕೊಂಡಿತೆಂದು ತಿಳಿಯದವರಿಗೆ ಕೇಳುವುದಕ್ಕೂ ಸರಿಯಾಗಿ ಬರುವುದಿಲ್ಲ. ಉಳಿದದ್ದು ಒಂದೇ ದಾರಿ, ನಡೆದು ಹುಡುಕುವುದು.

ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿ ಪಾಟೀಲ್ ಅಂಕಲ್ ಇದ್ದಾರೆ. ಧಾರವಾಡದವರು, ಅಪ್ಪನ ಹಳೆಯ ಸ್ನೇಹಿತರು, ಕಾರು ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಜುಲೈ 5ರಂದು ಇನ್ನೂರ ಅರವತ್ತೊಂದು ಮೈಲಿ ಡ್ರೈವ್ ಮಾಡಿಕೊಂಡು ಅವರ ಮನೆಗೆ ಹೋದೆ. ಅಲ್ಲಿಯ ಗಡಿಯಾರ ಇಲ್ಲಿಗಿಂತ ಒಂದು ಗಂಟೆ ಮುಂದಿರುವುದರಿಂದ, ಚಿಕಾಗೊದಿಂದ ಡೆಟ್ರಾಯಿಟ್ ಕಡೆಗೆ ಹೋದರೆ ದಾರಿಯಲ್ಲೇ ಒಂದು ಗಂಟೆ ಕಳೆದುಹೋಗುತ್ತದೆ, ವಾಪಸು ಬರುವಾಗ ಸಿಗುತ್ತದೆ. ಈ ದೇಶದಲ್ಲಿ ಸಮಯ ಹೋಗುವುದೂ ಬರುವುದೂ ಇಷ್ಟು ಸಲೀಸು.

‘ಏನ್ ತಂಗಿ, ಮಂದಿ ರಜಾ ಸಿಕ್ರ ಬೀಚಿಗೆ ಹೋಗ್ತಾರ, ನೀ ಸ್ಮಶಾನಕ್ಕ ಕರೀತಿ?’ ಎಂದರು ಅಂಕಲ್. ಆದರೆ ನನಗಿಂತ ಮೊದಲೇ ಟೋಪಿ ಹಾಕಿಕೊಂಡು ಕಾರಿನ ಹತ್ತಿರ ನಿಂತಿದ್ದರು. ಮಕ್ಕಳ ಗೋರಿಯ ಕಲ್ಲುಗಳು ಚಿಕ್ಕವು. ಅವು ನೆಲಕ್ಕೆ ಇಳಿದು ಮೇಲೆ ಹುಲ್ಲು ಬೆಳೆದಿರುತ್ತದೆ. ಅಂಕಲ್ ಬೂಟಿನ ತುದಿಯಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದರು. ಕಲ್ಲು ತಗುಲಿದರೆ ಬೂಟು ಬಿಚ್ಚಿ, ಕೂತು, ಕೈಯಿಂದ ಹುಲ್ಲು ಸರಿಸುತ್ತಿದ್ದರು.

‘ಬೂಟ್ ಯಾಕೆ ಬಿಚ್ತೀರಿ ಅಂಕಲ್?’

‘ಮಲಗಿದ್ ಕೂಸಿನ ಮುಂದ ಬೂಟ್ ಹಾಕ್ಕೊಂಡ್ ಕುಂದ್ರಾಕ ಬರ್ತದೇನವಾ?’

ಸ್ಮಶಾನಕ್ಕೆ ಹೋಗಿ ಬಂದರೆ ಸ್ನಾನ ಮಾಡಬೇಕೆಂಬ ನಿಯಮ ಎರಡೂ ಮನೆಗಳಲ್ಲಿ ಗಟ್ಟಿ. ಆ ವಾರಾಂತ್ಯ ಮೂರು ಸ್ಮಶಾನ, ಮೂರು ಸ್ನಾನ. ಪಾಟೀಲ್ ಆಂಟಿ ಬಾತ್‌ರೂಮಿನ ಬಾಗಿಲ ಬಳಿ ಟವೆಲ್ ಹಿಡಿದುಕೊಂಡು ‘ಒಮ್ಮೆಗೇ ಎಲ್ಲಾ ನೋಡಿ ಬಂದು ಒಂದ್ ಸಲ ಮೈ ತೊಳಕೊಂಡ್ರ ಏನಾಕ್ಕಿತ್ರೀ?’ ಎಂದು ಬೈದರು. ಅಂಕಲ್ ಒಪ್ಪಲಿಲ್ಲ, ಒಂದೊಂದಕ್ಕೂ ಒಂದೊಂದು.

ಕಾರಿನಲ್ಲಿ ಅವರಿಗೆ ಇಬ್ಬರು ರೂತ್‌ರ ಕಥೆ ಹೇಳಿ, ಎಂಥ ವಿಚಿತ್ರ ಜನ ಎಂದೆ. ಅಂಕಲ್ ಕೇಳಿದರು: ‘ನಿಮ್ಮ ಅಜ್ಜನ ಹೆಸರೇನ್ ತಂಗಿ?’

‘ತಿಪ್ಪಣ್ಣ.’

‘ತಿಪ್ಪಣ್ಣ ಅಂತ ಯಾಕ ಇಡ್ತಾರ ಗೊತ್ತೇನು? ಹಿಂದ ಹುಟ್ಟಿದ್ ಕೂಸು ಒಂದೂ ಉಳಿದಿಲ್ಲ ಅಂದ್ರ, ಹುಟ್ಟಿದ್ ಕೂಡ್ಲೆ ತಿಪ್ಪಿ ಮ್ಯಾಲ ಹೊಳ್ಳಿಸಿ, ತಿಪ್ಪಣ್ಣ, ಕಲ್ಲಪ್ಪ, ಗುಂಡಪ್ಪ ಅಂತ ಇಡ್ತಿದ್ರು. ಸಾವು ಬಂದು ನೋಡಿ, ಛೀ, ಕಸ ಅಂತ ಬಿಟ್ಟು ಹೋಗ್ಲಿ ಅಂತ.’

ನಾನು ಕಾಲೇಜಿನಲ್ಲಿದ್ದಾಗ ಬರೆದಿಟ್ಟ ನಮ್ಮ ಮನೆಯ ವಂಶವೃಕ್ಷವೊಂದಿದೆ. ಹತ್ತೊಂಬತ್ತು ಹೆಸರು. ಅದರಲ್ಲಿ ತಿಪ್ಪಣ್ಣಜ್ಜನೇ ಮೊದಲ ಮಗ, ಏಕೈಕ ಮಗ. ಅವತ್ತು ಸಂಜೆ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ‘ಮೂರೋ ನಾಲ್ಕೋ ಹೋಗಿದ್ವಂತೆ ಕಣೆ’ ಎಂದಳು. ಹೆಸರು? ‘ಹೆಸರಿಡೋ ತನಕ ಇದ್ವೋ ಇಲ್ವೋ, ಯಾರಿಗ್ಗೊತ್ತು.’ ರೂತ್ ಅವರ ಅಪ್ಪನಾದರೂ ಸಾಲು ಬರೆದು ಸಾವಿನ ದಿನ ಬಿಟ್ಟಿದ್ದ. ನಮ್ಮಲ್ಲಿ ಸಾಲೇ ಇಲ್ಲ. ಅಳಿಸುವುದಕ್ಕೂ ಏನೂ ಇಲ್ಲ.

ವಾಪಸು ಬಂದು ರೂತ್ ಆಂಟಿಗೆ ತಿಪ್ಪಣ್ಣನ ಕಥೆ ಹೇಳಿದೆ. ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿದ್ದಕ್ಕೆ ಮೊದಲು ನಕ್ಕರು. ನಗು ನಿಂತ ಮೇಲೆ, ‘ನಿಮ್ಮೋರು ಸಾವಿಗೆ ಮೋಸ ಮಾಡೋಕೆ ನೋಡಿದ್ರು. ನಮ್ಮೋರು ತಮಗೇ ಮೋಸ ಮಾಡ್ಕೊಂಡ್ರು’ ಎಂದರು. ‘ಏನೂ ಆಗಿಲ್ಲ, ರೂತ್ ಇಲ್ಲೇ ಇದಾಳೆ ಅಂತ.’ ಅವರ ಅಮ್ಮ ಅವರನ್ನು ಕರೆಯುವಾಗ ಕೆಲವೊಮ್ಮೆ ಅವರ ಹಿಂದೆ ಯಾರನ್ನೋ ನೋಡುತ್ತಿದ್ದಳಂತೆ. ಇವರೂ ತಿರುಗಿ ನೋಡುತ್ತಿದ್ದರಂತೆ.

ಜುಲೈ 26ರಂದು ಮತ್ತೆ ಹೋದೆ. ಇನ್ನೂ ಎರಡು ಸ್ಮಶಾನ. ಒಟ್ಟು ಐದು. ಓಕ್ ಮರ ಮೂರು ಕಡೆ ಇತ್ತು, ರೈಲುಹಳಿ ಎರಡು ಕಡೆ, ಕಲ್ಲಿನ ಕುರಿಮರಿಗಳು ಹದಿನಾಲ್ಕು. ಮಳೆ ಹಿಮಕ್ಕೆ ಸವೆದು ಅವುಗಳ ಮುಖವೆಲ್ಲ ಸಾಬೂನಿನಂತೆ ನುಣ್ಣಗಾಗಿತ್ತು. ಒಂದರ ಕೆಳಗೂ ನಮ್ಮ ರೂತ್ ಇರಲಿಲ್ಲ. ಪ್ರತಿ ಸಲ ಬಂದು ‘ಇಲ್ಲ’ ಎಂದಾಗಲೂ ಆಂಟಿ, ‘ಒಳ್ಳೇದು, ಹುಡುಕೋ ಜಾಗ ಒಂದು ಕಮ್ಮಿ ಆಯ್ತು’ ಎನ್ನುತ್ತಿದ್ದರು. ನನಗಿಂತ ಒಳ್ಳೆಯ ಗುಮಾಸ್ತೆ ಅವರೇ.

ಆಗಸ್ಟ್ 19, ಮಂಗಳವಾರ, ಮಧ್ಯಾಹ್ನ ಹನ್ನೆರಡು ನಲವತ್ತು. ಆಸ್ಪತ್ರೆಯಿಂದ ಫೋನ್ ಬಂತು. ತುರ್ತಿಗೆ ಕರೆಯಬೇಕಾದವರ ಹೆಸರೆಂದು ರೂತ್ ಆಂಟಿ ನನ್ನದನ್ನು ಕೊಟ್ಟಿದ್ದರು. ಸಂಬಂಧ ಎನ್ನುವ ಕಡೆ ‘ಕ್ಲರ್ಕ್’ ಎಂದು ಬರೆಸಿದ್ದರಂತೆ. ಅಷ್ಟು ಹೊತ್ತಿಗೆ ಅವರು ಹೋಗಿ ಅರ್ಧ ಗಂಟೆಯಾಗಿತ್ತು. ಅವತ್ತು ಸಂಜೆ ಪುಸ್ತಕ ತೆಗೆದು ಕೊನೆಯ ಹಾಳೆಯ ಕೊನೆಯ ಸಾಲಿನಲ್ಲಿ ಸಾವಿನ ದಿನ ಬರೆದೆ. ಆರು ಅಂಕಿ. ಅವರ ಅಪ್ಪನಿಗೆ ಯಾಕೆ ಕೈ ಬರಲಿಲ್ಲವೆಂದು ಬರೆಯುವಾಗ ತಿಳಿಯಿತು. ಮೇಲಿನ ಸಾಲು ಹಾಗೇ ಖಾಲಿ ಇತ್ತು.

ಸೆಪ್ಟೆಂಬರಿನ ಪಿತೃಪಕ್ಷದಲ್ಲಿ ಎಡೆ ಇಡುವಾಗ ಅಮ್ಮ ಎರಡು ಎಲೆ ಹೆಚ್ಚು ಹಾಕಿದಳು. ಒಂದು, ತಿಪ್ಪಣ್ಣಜ್ಜನಿಗಿಂತ ಮೊದಲು ಬಂದು ಹೋದವರಿಗೆ, ಅದರ ತುಂಬ ಬರೀ ಸಿಹಿ, ಮಕ್ಕಳಲ್ಲವೇ. ಇನ್ನೊಂದರ ಮೇಲೆ ಚಿತ್ರಾನ್ನ. ಎಡೆಗೆ ಚಿತ್ರಾನ್ನ ಇಡುತ್ತಾರೇನೇ ಎಂದ ಅಪ್ಪನಿಗೆ, ‘ಆಯಮ್ಮನಿಗೆ ಅದೇ ಇಷ್ಟ, ನೀವು ಸುಮ್ನಿರಿ’ ಎಂದಳು. ಅಪ್ಪ ಈ ವರ್ಷ ಮೂರನೆಯ ಹೆಸರಿಗೆ ಬಂದಾಗ ಕೆಮ್ಮಲಿಲ್ಲ. ಹೆಸರು ಗೊತ್ತಿಲ್ಲ ಎಂದು ಸ್ಪಷ್ಟವಾಗಿ ಹೇಳಿ ಮುಂದುವರಿದ.

ಈಗ ಒಂಬತ್ತು ಗಂಟೆ ಹದಿನೈದು ನಿಮಿಷ. ಬಿಟ್ಟಿ ಸಿಕ್ಕ ಗಂಟೆ ಮುಗಿದು ಐದು ನಿಮಿಷ ಮೇಲಾಯಿತು. ಪುಸ್ತಕದ ಒಂದು ಪ್ರತಿ ಮಿಷಿಗನ್‌ನ ಆ ಲೈಬ್ರರಿಯಲ್ಲಿದೆ, ಇನ್ನೊಂದು ನನ್ನ ಬಳಿ ಇದೆ, ಪಕ್ಕದಲ್ಲಿ ರೂತ್ ಆಂಟಿ ನನಗೆ ಬಿಟ್ಟುಹೋದ ಬೆಳ್ಳಿಯ ಬಟ್ಟಲು. ಡೆಟ್ರಾಯಿಟ್ ಪಶ್ಚಿಮದ ಊರುಗಳಲ್ಲಿ ಕನ್ನಡದವರು ಬಹಳ ಜನ ಇದ್ದೀರಿ. ಸಂಜೆ ವಾಕಿಂಗ್ ಹೋಗುವಾಗ ದಾರಿಯಲ್ಲಿ ಹಳೆಯ ಸ್ಮಶಾನವಿದ್ದರೆ, ದೊಡ್ಡ ಓಕ್ ಮರವಿದ್ದು ಬೇಲಿಯಾಚೆ ರೈಲು ಹೋಗುತ್ತಿದ್ದರೆ, ಒಮ್ಮೆ ಒಳಗೆ ಹೋಗಿ ನೋಡಿ. ಮಲಗಿದ ಕುರಿಮರಿ, ರೂತ್ ಥ್ಯಾಚ್‌ವೆಲ್ ಎಂಬ ಹೆಸರು, ಎರಡು ವರ್ಷ ಏಳು ತಿಂಗಳು. ಕಲ್ಲಿನ ಮೇಲಿನ ತಾರೀಖನ್ನು ಈ ಪತ್ರಿಕೆಯ ಸಂಪಾದಕರಿಗೆ ಬರೆದು ಕಳಿಸಿದರೆ ಅವರು ನನಗೆ ತಲುಪಿಸುತ್ತಾರೆ. ಮನೆಗೆ ಹೋಗಿ ಸ್ನಾನ ಮಾಡುವುದು ಬಿಡುವುದು ನಿಮಗೆ ಬಿಟ್ಟದ್ದು.

ಬೇರೆ ಯಾರಾದರೂ ಆಗಲೇ ಬರೆದಿರಬಹುದು ಎಂದು ಸುಮ್ಮನಿರಬೇಡಿ. ಒಂದೇ ವಿಷಯವನ್ನು ಇಬ್ಬರು ಬರೆದರೂ ಇರಲಿ. ಎರಡನ್ನೂ ಇಟ್ಟುಕೊಳ್ಳುತ್ತೇನೆ.